ಗ್ರ್ಯಾಮಿ ಗೆದ್ದ ಸಂಗೀತಕ್ಕೆ ತವರಲ್ಲೇ ದಂಡ: ಮೆಕ್ಸಿಕೊದ ಕೊರಿದೊ ಗಲಾಟೆ ಏನು, ಎತ್ತ?

2024ರ ಫೆಬ್ರವರಿ 4ರಂದು ಲಾಸ್ ಏಂಜಲೀಸ್‌ನ ಗ್ರ್ಯಾಮಿ ಸಮಾರಂಭದಲ್ಲಿ ಮೆಕ್ಸಿಕನ್ ಸಂಗೀತ ವಿಭಾಗದ ಪ್ರಶಸ್ತಿ ‘ಹೆನೆಸಿಸ್’ ಎಂಬ ಆಲ್ಬಮ್‌ಗೆ ಬಂತು. ಹಾಡಿದ್ದು ಪೆಸೊ ಪ್ಲೂಮಾ. ಆಗ ಅವರ ವಯಸ್ಸು 24. ಮೊದಲ ಸಲ ನಾಮನಿರ್ದೇಶನ, ಮೊದಲ ಸಲವೇ ಗೆಲುವು. ಆದರೆ ಅದಕ್ಕೂ ಮೂರು ತಿಂಗಳ ಮುಂಚೆ, ಅಲ್ಲಿಂದ ಕಾರಲ್ಲಿ ಎರಡು-ಮೂರು ಗಂಟೆ ದೂರದ ತಿಹುವಾನಾ ನಗರದ ಕೌನ್ಸಿಲ್, ಡ್ರಗ್ಸ್ ದಂಧೆಯನ್ನು ಹೊಗಳುವ ಕೊರಿದೊಗಳನ್ನು, ಅಂದರೆ ಕಥೆ ಹೇಳುವ ಹಾಡುಗಳನ್ನು, ಸಾರ್ವಜನಿಕವಾಗಿ ಹಾಡುವ ಹಾಗಿಲ್ಲ, ನುಡಿಸುವ ಹಾಗೂ ಇಲ್ಲ ಅಂತ ನಿಯಮ ಮಾಡಿತ್ತು. ಆ ನಿಯಮ ಬಂದ ಗಲಾಟೆಯ ನಡುವೆ ಇದ್ದದ್ದು ಇದೇ ಪೆಸೊ ಪ್ಲೂಮಾ ಹೆಸರು.

2025ರಲ್ಲಿ ಗೊಂದಲ ಇನ್ನೂ ಜಾಸ್ತಿ ಆಯಿತು. ಒಂದು ಬ್ಯಾಂಡಿನ ಅಮೆರಿಕ ವೀಸಾ ರದ್ದಾಯಿತು. ಒಂದು ಜಾತ್ರೆಯಲ್ಲಿ ಗಾಯಕ ‘ಆ ಹಾಡು ಹಾಡಲ್ಲ’ ಅಂದಿದ್ದಕ್ಕೆ ಜನ ವೇದಿಕೆಗೆ ನುಗ್ಗಿ ವಾದ್ಯಗಳನ್ನು ಪುಡಿ ಮಾಡಿದರು. ಕಡೆಗೆ ದೇಶದ ಅಧ್ಯಕ್ಷೆಯೇ ಹಾಡಿನ ಸ್ಪರ್ಧೆಯೊಂದನ್ನು ಘೋಷಿಸಬೇಕಾಯಿತು.

ಬಿಡಿ ಬಿಡಿಯಾಗಿ ಈ ಸುದ್ದಿಗಳನ್ನು ಓದಿದರೆ ತಲೆಬುಡ ಗೊತ್ತಾಗಲ್ಲ. ಒಂದೇ ಸಂಗೀತಕ್ಕೆ ಒಂದು ಕಡೆ ಬಹುಮಾನ, ಇನ್ನೊಂದು ಕಡೆ ದಂಡ ಹೇಗೆ ಸಾಧ್ಯ? ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜಗಳದಲ್ಲಿ ಹಾಡಿನ ಸಾಲುಗಳ ಬಗ್ಗೆ ಸಿಕ್ಕಾಪಟ್ಟೆ ಚರ್ಚೆ ಆಗಿದೆ. ಆ ಸಾಲುಗಳನ್ನು ದುಡ್ಡು ಕೊಟ್ಟು ಬರೆಸಿದವರ ಬಗ್ಗೆ ಆಗಿರುವುದು ಕಡಿಮೆ.

ರಾಂಚೆರಾ ಬೇರೆ, ಕೊರಿದೊ ಬೇರೆ

ಎರಡನ್ನೂ ‘ಮೆಕ್ಸಿಕನ್ ಜಾನಪದ’ ಅಂತ ಒಂದೇ ಬುಟ್ಟಿಗೆ ಹಾಕುವುದು ರೂಢಿ. ಆದರೆ ಅವುಗಳ ಸ್ವಭಾವ ಬೇರೆ.

ರಾಂಚೆರಾ ಅಂದರೆ ಮನಸ್ಸಿನ ಹಾಡು. ಪ್ರೀತಿ, ಮೋಸ, ಕುಡಿತ, ಬಿಟ್ಟು ಬಂದ ಊರು, ಹೆಮ್ಮೆ. 1910ರಿಂದ 1920ರವರೆಗೆ ನಡೆದ ಮೆಕ್ಸಿಕನ್ ಕ್ರಾಂತಿ ಮುಗಿದ ಮೇಲೆ ಹಳ್ಳಿ ಜನ ರಾಶಿ ರಾಶಿಯಾಗಿ ಪೇಟೆಗೆ ಬಂದರು. ಅವರ ಜೊತೆ ಈ ಹಾಡೂ ಬಂತು. ರೇಡಿಯೊ ಮತ್ತು 1930ರ ದಶಕದ ಸಿನಿಮಾ ಅದನ್ನು ಇಡೀ ದೇಶದ ಹಾಡಾಗಿ ಮಾಡಿದವು. ವಯಲಿನ್, ಕಹಳೆ, ಗಿಟಾರ್, ದಪ್ಪ ಹೊಟ್ಟೆಯ ಗಿಟರೊನ್ ಸೇರಿದ ಮರಿಯಾಚಿ ಮೇಳ ಅದಕ್ಕೆ ಹಿನ್ನೆಲೆ. ಹೊಸೆ ಆಲ್ಫ್ರೆದೊ ಹಿಮೆನೆಸ್ ಬರೆದವರಲ್ಲಿ ದೊಡ್ಡ ಹೆಸರು, ವಿಸೆಂತೆ ಫರ್ನಾಂದೆಸ್ ಹಾಡಿದವರಲ್ಲಿ. ಮರಿಯಾಚಿಯನ್ನು 2011ರಲ್ಲಿ ಯುನೆಸ್ಕೊ ಕೂಡ ಪಾರಂಪರಿಕ ಕಲೆಯ ಪಟ್ಟಿಗೆ ಸೇರಿಸಿತು. ರಾಂಚೆರಾ ಜೊತೆ ಸರ್ಕಾರಕ್ಕೆ ಜಗಳ ಇಲ್ಲ. ಅದು ರಾಷ್ಟ್ರೀಯ ಹಬ್ಬದ ಹಾಡು.

ಕೊರಿದೊ ಹಾಗಲ್ಲ. ಅದು ಸುದ್ದಿ ಹೇಳುವ ಹಾಡು, ನಮ್ಮ ಲಾವಣಿಯ ಹಾಗೆ. ನಾಲ್ಕು ನಾಲ್ಕು ಸಾಲಿನ ಪದ್ಯ, ಸಾಲಿಗೆ ಹೆಚ್ಚುಕಮ್ಮಿ ಎಂಟು ಉಚ್ಚಾರಗಳು. ಶುರುವಿನಲ್ಲಿ ಇಸವಿ, ಊರು, ವ್ಯಕ್ತಿಯ ಹೆಸರು. ನಡುವೆ ನಡೆದ ಕಥೆ. ಕೊನೆಗೆ ಕೇಳುಗರಿಗೆ ವಿದಾಯ. ಓದು ಬರಹ ಇಲ್ಲದ ಜನರಿಗೆ ಇದೇ ಪತ್ರಿಕೆ. ಮತ್ತೆ ಪತ್ರಿಕೆ ಹೇಳದ್ದನ್ನು ಹೇಳುವ ಜಾಗವೂ ಇದೇ. 1901ರಲ್ಲಿ ಟೆಕ್ಸಸ್‌ನಲ್ಲಿ ಗ್ರೆಗೊರಿಯೊ ಕೊರ್ತೆಸ್ ಎಂಬ ರೈತ, ಭಾಷೆ ಸರಿಯಾಗಿ ಅರ್ಥವಾಗದೆ ಎದ್ದ ಜಗಳದಲ್ಲಿ, ತನ್ನನ್ನು ಹಿಡಿಯಲು ಬಂದ ಶೆರಿಫ್‌ನನ್ನು ಕೊಂದು ಓಡಿದ. ನೂರಾರು ಜನ ದಿನಗಟ್ಟಲೆ ಅವನನ್ನು ಅಟ್ಟಿಸಿಕೊಂಡು ಹೋದರು. ಇಂಗ್ಲಿಷ್ ಪತ್ರಿಕೆಗಳಿಗೆ ಅವನು ಕೊಲೆಗಾರ. ಗಡಿಯ ಮೆಕ್ಸಿಕನ್ ಜನರ ಹಾಡಿನಲ್ಲಿ ಅವನು ಒಬ್ಬಂಟಿ ವೀರ. 1913ರಲ್ಲಿ ಟೆಕ್ಸಸ್ ಗವರ್ನರ್ ಅವನಿಗೆ ಕ್ಷಮೆ ಕೊಟ್ಟರು. ಹಾಡು ಇವತ್ತಿಗೂ ಇದೆ.

ಅಂದರೆ ಕಾನೂನಿಗೆ ಬೇಕಾದವನ ಪರ ನಿಲ್ಲೋದು ಕೊರಿದೊಗೆ ಡ್ರಗ್ಸ್ ಕಾಲದಲ್ಲಿ ಅಂಟಿದ ಚಟ ಅಲ್ಲ. ಅದರ ಹುಟ್ಟುಗುಣ.

‘ಸಂಭಾವಿತ’ ಆಲ್ಬಮ್‌ನಲ್ಲೂ ಒಬ್ಬ ಕೈದಿ

ಇದು ಸರಿಯಾಗಿ ಕಾಣಬೇಕಾದರೆ ಇನ್ನೊಂದು ಗ್ರ್ಯಾಮಿ ಆಲ್ಬಮ್ ಪಕ್ಕದಲ್ಲಿಟ್ಟು ನೋಡಬೇಕು. ಲಿಂಡಾ ರಾನ್‌ಸ್ಟಾಟ್ ಅಮೆರಿಕದ ರಾಕ್ ಗಾಯಕಿ, ಅರಿಜೋನಾದ ಟೂಸಾನ್ ಊರಿನವರು. ಅವರ ಅಜ್ಜ ಮೆಕ್ಸಿಕೊದ ಸೊನೋರಾದಿಂದ ಬಂದವರು. ರಾಕ್‌ನಲ್ಲಿ ತಾರೆಯಾಗಿದ್ದ ರಾನ್‌ಸ್ಟಾಟ್ 1987ರಲ್ಲಿ ಮನೆಯಲ್ಲಿ ಕೇಳಿ ಬೆಳೆದ ಹಳೇ ಸ್ಪಾನಿಷ್ ಹಾಡುಗಳನ್ನು ಮರಿಯಾಚಿ ಮೇಳದೊಂದಿಗೆ ಹಾಡಿ ‘ಕಾನ್ಸಿಯೊನೆಸ್ ದೆ ಮಿ ಪಾದ್ರೆ’, ಅಂದರೆ ‘ಅಪ್ಪನ ಹಾಡುಗಳು’, ಎಂಬ ಆಲ್ಬಮ್ ತಂದರು. ಹಿನ್ನೆಲೆಯಲ್ಲಿ ಮರಿಯಾಚಿ ವಾರ್ಗಸ್‌ನಂಥ ಹೆಸರಾಂತ ಮೇಳ, ಸಂಗೀತದ ಹೊಣೆ ಹೊತ್ತವರಲ್ಲಿ ರುಬೆನ್ ಫುವೆಂತೆಸ್. ಇಂಗ್ಲಿಷಿನ ಒಂದು ಸಾಲೂ ಇಲ್ಲದ ಆ ಆಲ್ಬಮ್ ಅಮೆರಿಕವೊಂದರಲ್ಲೇ 20 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಗ್ರ್ಯಾಮಿ ತಂತು. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ‘ನಿಜವಾದ ಮೆಕ್ಸಿಕನ್ ಸಂಗೀತ ಅಂದ್ರೆ ಇದು, ಈಗಿನ ಹುಡುಗರದ್ದಲ್ಲ’ ಅನ್ನುವವರು ಮೊದಲು ತೋರಿಸುವ ರೆಕಾರ್ಡುಗಳಲ್ಲಿ ಇದೂ ಒಂದು.

ಆ ಆಲ್ಬಮ್‌ನಲ್ಲಿ ಬಹುಪಾಲು ರಾಂಚೆರಾ ಮತ್ತು ಹುವಾಪಂಗೊ ಎಂಬ ಇನ್ನೊಂದು ಜಾನಪದ ಬಗೆಯ ಹಾಡುಗಳು. ಅವುಗಳ ನಡುವೆ ಒಂದು ಕೊರಿದೊ: ಕನಾನೆಯಾ ಜೈಲಿನ ಹಾಡು. ಕಥೆ ಹೇಳುವವನು ಸ್ವತಃ ಕೈದಿ. ಪಳಗಿದ ಹುಂಜದಂಥ ನನ್ನನ್ನೂ ಹಿಡಿದುಬಿಟ್ಟರಲ್ಲ ಅಂತ ಗೊಣಗುತ್ತಾನೆ. ಅಗುವಾ ಪ್ರಿಯೆತಾ ಎಂಬ ಗಡಿ ಊರಿಗೆ ಹೋದೆ, ರಾತ್ರಿ ಹನ್ನೊಂದಕ್ಕೆ ಪೊಲೀಸರು ಹಿಡಿದರು, ಎಲ್ಲರ ಕೈಯಲ್ಲೂ ಪಿಸ್ತೂಲು, ಥೇಟ್ ಅಮೆರಿಕದ ಶೈಲಿ. ಮಾಡಿದ ಅಪರಾಧಕ್ಕೆ ಪಶ್ಚಾತ್ತಾಪ ಇಲ್ಲ. ಪೊಲೀಸರ ಮೇಲೆ ಗೌರವ ಅಂತೂ ಇಲ್ಲವೇ ಇಲ್ಲ. ಈ ಹಾಡನ್ನು ಯಾರೂ ನಿಷೇಧಿಸಿ ಅನ್ನಲ್ಲ. ಯಾಕೆಂದರೆ ಆ ಕೈದಿ ಯಾರು ಅಂತ ಈಗ ಯಾರಿಗೂ ಬೇಕಾಗಿಲ್ಲ, ಅವನಿಂದ ಯಾರಿಗೂ ಭಯವೂ ಇಲ್ಲ. ಹೊಸ ಕೊರಿದೊಗಳ ನಾಯಕರು ಬದುಕಿದ್ದಾರೆ, ಬಂದೂಕು ಹಿಡಿದವರನ್ನು ಸಾಕಿದ್ದಾರೆ. ಕೆಲವರು ಹಾಡಿಗೆ ದುಡ್ಡೂ ಕೊಡುತ್ತಾರೆ. ವ್ಯತ್ಯಾಸ ಇರುವುದು ಇಲ್ಲೇ.

ಹಾಡಿಗೆ ಡ್ರಗ್ಸ್ ಬಂದದ್ದು ಹೇಗೆ

ಅಮೆರಿಕ 1920ರ ದಶಕದಲ್ಲಿ ಮದ್ಯ ನಿಷೇಧ ಮಾಡಿದಾಗ ಗಡಿ ದಾಟಿಸಿ ತೆಕಿಲಾ ಸಾಗಿಸುವವರ ಮೇಲೆ ಕೊರಿದೊ ಹುಟ್ಟಿದವು. 1931ರ ಹೊತ್ತಿಗೇ ಡ್ರಗ್ಸ್ ವ್ಯಾಪಾರಿಯೊಬ್ಬನ ಮೇಲಿನ ಹಾಡು ಎಲ್ ಪಾಸೊದಲ್ಲಿ ರೆಕಾರ್ಡ್ ಆಗಿತ್ತು. ಆದರೆ ಈ ಬಗೆಯ ಹಾಡು ದೊಡ್ಡ ವ್ಯಾಪಾರ ಆದದ್ದು 1970ರ ದಶಕದಲ್ಲಿ, ಮೆಕ್ಸಿಕೊದ ಸಿನಲೋವಾ ರಾಜ್ಯ ಮೂಲದ ‘ಲೊಸ್ ತಿಗ್ರೆಸ್ ದೆಲ್ ನೊರ್ತೆ’ ಬ್ಯಾಂಡಿನಿಂದ. ಅವರ ಹಾಡಿನ ಕಥೆ ಹೀಗೆ: ಕಮೆಲಿಯಾ ಎಂಬ ಹೆಣ್ಣು, ಎಮಿಲಿಯೊ ಎಂಬ ಗಂಡು, ಕಾರಿನ ಟಯರುಗಳ ತುಂಬ ಗಾಂಜಾ. ತಿಹುವಾನಾದಿಂದ ಹೊರಟು ಲಾಸ್ ಏಂಜಲೀಸ್‌ನಲ್ಲಿ ಮಾಲು ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾರೆ. ಅವನು ‘ನನಗೆ ಬೇರೊಬ್ಬಳಿದ್ದಾಳೆ, ನಿನ್ನ ಪಾಲು ತಗೊಂಡು ಹೋಗು’ ಅನ್ನುತ್ತಾನೆ. ಏಳು ಗುಂಡು. ದುಡ್ಡೂ ಇಲ್ಲ, ಕಮೆಲಿಯಾಳೂ ಇಲ್ಲ. ಅದು ಕಟ್ಟುಕಥೆ, ಹಾಡಿದ ಮಾತ್ರಕ್ಕೆ ಯಾರಿಗೂ ಲಾಭ ಇರಲಿಲ್ಲ. ಈ ಬ್ಯಾಂಡಿಗೂ ಮುಂದೆ ಗ್ರ್ಯಾಮಿ ಬಂತು, ವಲಸಿಗರ ಬದುಕಿನ ಮೇಲಿನ ಆಲ್ಬಮ್‌ಗೆ.

ದಾರಿ ತಿರುಗಿದ್ದು ಚಲಿನೊ ಸಾಂಚೆಸ್ ಅವರಿಂದ. ಸಿನಲೋವಾದಲ್ಲಿ ಹುಟ್ಟಿ ಕೂಲಿಗೆ ಅಂತ ಕ್ಯಾಲಿಫೋರ್ನಿಯಾಗೆ ಬಂದವರು. ಅಣ್ಣನ ಕೊಲೆಯಾದಾಗ ಅವನ ಮೇಲೆ ಒಂದು ಹಾಡು ಕಟ್ಟಿದರು. ತಿಹುವಾನಾ ಜೈಲಿನಲ್ಲಿದ್ದಾಗ ಅಲ್ಲಿಯ ಕೈದಿಗಳು ‘ನನ್ನ ಮೇಲೂ ಒಂದು ಬರಿ’ ಅಂದರು. ಬರೆದರು, ಬದಲಿಗೆ ದುಡ್ಡೋ ಕಾಸೋ ಸಿಕ್ಕಿತು. ಹೊರಗೆ ಬಂದ ಮೇಲೆ ಅದೇ ಕಸುಬಾಯಿತು. ಗೊಗ್ಗರು ದನಿ, ಸುರುಳಿ ಕ್ಯಾಸೆಟ್, ಲಾಸ್ ಏಂಜಲೀಸ್‌ನ ಸಂತೆಗಳಲ್ಲಿ ಮಾರಾಟ. 1992ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಚೆಲ್ಲಾದಲ್ಲಿ ವೇದಿಕೆ ಮೇಲೆ ಇರುವಾಗಲೇ ಒಬ್ಬ ಗುಂಡು ಹಾರಿಸಿದ, ಇವರೂ ತಿರುಗಿ ಹಾರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಸಿನಲೋವಾದ ಕುಲಿಯಕಾನ್ ಊರಲ್ಲಿ ಸಂಗೀತ ಕಛೇರಿ ಮುಗಿಸಿ ಹೊರಟಾಗ ಅವರನ್ನು ಎತ್ತಿಕೊಂಡು ಹೋಗಿ ಕೊಂದರು. ಆ ಕೊನೆಯ ಕಛೇರಿಯ ವಿಡಿಯೊ ಇಂಟರ್ನೆಟ್ಟಿನಲ್ಲಿದೆ. ಕೆಳಗಿನಿಂದ ಯಾರೋ ಚೀಟಿ ಕೊಡುತ್ತಾರೆ, ಓದುತ್ತಾರೆ, ಮುಖದ ಬೆವರು ಒರೆಸಿಕೊಂಡು ಹಾಡು ಮುಂದುವರಿಸುತ್ತಾರೆ.

ಬರೆಸೋರು ಯಾರು?

ಹೀಗೆ ಹೇಳಿ ಬರೆಸುವ ಹಾಡಿಗೆ ‘ಕೊರಿದೊ ಪೊರ್ ಎಂಕಾರ್ಗೊ’ ಅನ್ನುತ್ತಾರೆ. ಇದರಲ್ಲೇ ಏನೋ ಅಪರಾಧ ಇದೆ ಅಂದುಕೊಳ್ಳಬಾರದು. ಉತ್ತರ ಮೆಕ್ಸಿಕೊದಲ್ಲಿ ಕುದುರೆ ಸಾಕುವವರು, ಲಾರಿ ಮಾಲೀಕರು, ಸತ್ತ ಮಗನ ನೆನಪಿಗೆ ಅಂತ ಅಪ್ಪ ಅಮ್ಮ, ಎಲ್ಲರೂ ದುಡ್ಡು ಕೊಟ್ಟು ಹಾಡು ಬರೆಸುತ್ತಾರೆ. ಕವಿಗೆ ಹೆಸರು, ಊರು, ಅಪ್ಪನ ಹೆಸರು, ಕುದುರೆಯ ಬಣ್ಣ, ಇಷ್ಟು ವಿವರ ಕೊಟ್ಟರೆ ಸಾಕು.

ತೊಂದರೆ ಬರುವುದು ಕೊಡುವವನ ಬಳಿ ದುಡ್ಡಿನ ಜೊತೆ ಪಡೆಯೂ ಇದ್ದಾಗ. ಹಳೇ ಕೊರಿದೊ ಘಟನೆ ಮುಗಿದ ಮೇಲೆ ಹುಟ್ಟುತ್ತಿತ್ತು. ಜನ ಬೇಕಾದದ್ದನ್ನು ಉಳಿಸಿಕೊಂಡರು, ಬೇಡದ್ದನ್ನು ಮರೆತರು. ಈಗ ಹಾಡಿನ ನಾಯಕನೇ ಹಾಡಿನ ಗಿರಾಕಿ. ಅವನಿಗೆ ಬೇಕಾಗಿರುವುದು ಸುದ್ದಿ ಅಲ್ಲ, ಜಾಹೀರಾತು. ಒಬ್ಬನನ್ನು ಹೊಗಳಿದರೆ ಅವನ ಎದುರಾಳಿಗೆ ಅದು ಬೈಗುಳ. ಹಾಗಾಗಿ ಹಾಡು ಎಲ್ಲಿ ಹಾಡುತ್ತೀರಿ ಅನ್ನೋದು ಸಾವು ಬದುಕಿನ ಪ್ರಶ್ನೆ ಆಗುತ್ತದೆ. 2006ರಲ್ಲಿ ವಲೆಂತಿನ್ ಎಲಿಸಾಲ್ದೆ ಎಂಬ ಗಾಯಕ ರೆಯ್ನೊಸಾ ಊರಲ್ಲಿ ಕಛೇರಿ ಮುಗಿದ ಸ್ವಲ್ಪ ಹೊತ್ತಿಗೇ ಗುಂಡಿಗೆ ಬಲಿಯಾದರು. 2023ರ ಸೆಪ್ಟೆಂಬರ್‌ನಲ್ಲಿ ತಿಹುವಾನಾದಲ್ಲಿ ಬಟ್ಟೆಯ ಬ್ಯಾನರ್ ಕಾಣಿಸಿಕೊಂಡವು. ಹಲಿಸ್ಕೊ ನ್ಯೂ ಜನರೇಶನ್ ಕಾರ್ಟೆಲ್ ಎಂಬ ಡ್ರಗ್ಸ್ ಗ್ಯಾಂಗಿನ ಹೆಸರಿನ ಸಹಿ, ಅಕ್ಟೋಬರ್ 14ರ ಕಛೇರಿ ನಡೆಸಿದರೆ ಅದೇ ನಿನ್ನ ಕೊನೆಯದು ಅಂತ ಪೆಸೊ ಪ್ಲೂಮಾಗೆ ಬೆದರಿಕೆ. ಅವರ ಕೆಲವು ಹಾಡುಗಳಲ್ಲಿ ಎದುರು ಗುಂಪಾದ ಸಿನಲೋವಾ ಕಾರ್ಟೆಲ್‌ನವರ ಹೊಗಳಿಕೆ ಇತ್ತು. ಕಛೇರಿ ರದ್ದಾಯಿತು. ನವೆಂಬರ್‌ನಲ್ಲಿ ನಗರದ ನಿಷೇಧ ಬಂತು.

ಬೆದರಿಸಿದವರು ಬೇರೆ, ನಿಷೇಧದ ದಂಡ ಬಿದ್ದಿದ್ದು ಬೆದರಿಕೆ ತಿಂದವರ ಕಸುಬಿನ ಮೇಲೆ. ಬ್ಯಾನರ್ ಕಟ್ಟಿದವರನ್ನು ಹಿಡಿಯೋದಕ್ಕಿಂತ ಹಾಡು ನಿಲ್ಲಿಸೋದು ಸುಲಭ, ಅಲ್ವಾ?

ಗ್ರ್ಯಾಮಿ ಅಳೆಯುವುದು ಏನನ್ನು

ಗ್ರ್ಯಾಮಿ ಕೊಡುವುದು ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು: ಗಾಯಕರು, ಕವಿಗಳು, ನಿರ್ಮಾಪಕರು, ಧ್ವನಿ ಎಂಜಿನಿಯರ್‌ಗಳು. ಅವರು ಓಟು ಹಾಕುವುದು ಧ್ವನಿಮುದ್ರಣಕ್ಕೆ. ನೀತಿಗೆ ಇಷ್ಟು ಅಂಕ ಅಂತ ಅಲ್ಲಿ ಇಲ್ಲ. ಮೆಕ್ಸಿಕನ್ ವಿಭಾಗದಲ್ಲಿ 2022ರಲ್ಲಿ ಗೆದ್ದಿದ್ದು ವಿಸೆಂತೆ ಫರ್ನಾಂದೆಸ್, ತೀರಿಕೊಂಡ ಕೆಲವೇ ತಿಂಗಳಿಗೆ. 2023ರಲ್ಲಿ ಜಾನಪದವನ್ನು ನಾಜೂಕಾಗಿ ಹಾಡುವ ನತಾಲಿಯಾ ಲಫುರ್ಕಾದೆ. 2024ರಲ್ಲಿ ಪೆಸೊ ಪ್ಲೂಮಾ. 2025ರಲ್ಲಿ ಕರಿನ್ ಲಿಯೊನ್. ರಾಂಚೆರಾ ಮುದುಕ, ಜಾನಪದ ಕಲಾವಿದೆ, ಕೊರಿದೊ ಹುಡುಗ, ಎಲ್ಲರಿಗೂ ಒಂದೇ ಪೆಟ್ಟಿಗೆ.

‘ಹೆನೆಸಿಸ್’ ಗೆದ್ದದ್ದಕ್ಕೆ ಸಂಗೀತದ ಕಾರಣ ಗಟ್ಟಿಯಾಗಿಯೇ ಇದೆ. ಇದು ‘ಕೊರಿದೊ ತುಂಬಾದೊ’ ಎಂಬ ಹೊಸ ಬಗೆ. 2019ರ ಹೊತ್ತಿಗೆ ಸೊನೋರಾದ ನತನಯೆಲ್ ಕಾನೊ ಎಂಬ ಹುಡುಗ ಇದಕ್ಕೆ ಹೆಸರು ತಂದುಕೊಟ್ಟರು. ಬೆಟ್ಟದ ಊರುಗಳ ಗಿಟಾರ್ ಮೇಳ ಅದೇ, ಹಾಡುವ ಗತ್ತು ಮಾತ್ರ ರ‍್ಯಾಪ್‌ನವರದ್ದು. ಚೂಪಾದ ರೆಕಿಂತೊ ಗಿಟಾರ್ ಮೊದಲು ಓಡುತ್ತದೆ, ಕೆಳಗೆ ತೊಲೊಲೋಚೆ ಎಂಬ ದೊಡ್ಡ ತಂತಿವಾದ್ಯ ಡುಂ ಡುಂ ಅನ್ನುತ್ತಿರುತ್ತದೆ, ಮೇಲೆ ಟ್ರಾಂಬೋನ್ ಕೂಗು. ಪೆಸೊ ಪ್ಲೂಮಾ ಅವರ ಒರಟು ದನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆಲ್ಬಮ್‌ನ ತುಂಬ ಬಂದೂಕೇ ಇದೆ ಅಂದುಕೊಂಡರೆ ತಪ್ಪು. ಪ್ರೇಮ, ವಿರಹ, ದುಬಾರಿ ಗಡಿಯಾರ, ಬಟ್ಟೆಯ ಶೋಕಿಯೂ ಬೇಕಾದಷ್ಟಿದೆ. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಅದು 3ನೇ ಸ್ಥಾನಕ್ಕೆ ಏರಿತು. ಆವರೆಗೆ ಈ ಬಗೆಯ ಯಾವ ಆಲ್ಬಮ್ ಕೂಡ ಅಷ್ಟು ಮೇಲೆ ಹೋಗಿರಲಿಲ್ಲ.

ಪ್ರಶಸ್ತಿಯನ್ನು ‘ಅಮೆರಿಕ ಈ ಹಾಡುಗಳನ್ನು ಒಪ್ಪಿದೆ’ ಅಂತ ಓದಿದವರಿಗೆ ಮುಂದಿನ ವರ್ಷ ವೀಸಾ ಸುದ್ದಿ ಅರ್ಥವಾಗಲಿಲ್ಲ. ಪ್ರಶಸ್ತಿ ಕೊಟ್ಟಿದ್ದು ಸಂಗೀತಗಾರರ ಸಂಘ, ವೀಸಾ ಕಿತ್ತುಕೊಂಡಿದ್ದು ವಿದೇಶಾಂಗ ಇಲಾಖೆ. ಒಬ್ಬರನ್ನು ಇನ್ನೊಬ್ಬರು ಕೇಳಬೇಕಾಗಿಲ್ಲ.

2025ರ ಮಾರ್ಚ್ ಮತ್ತು ಏಪ್ರಿಲ್

ಮಾರ್ಚ್ ಮೊದಲ ವಾರದಲ್ಲಿ ಹಲಿಸ್ಕೊ ರಾಜ್ಯದ ತೆಉಚಿತ್ಲಾನ್ ಹತ್ತಿರದ ಒಂದು ತೋಟದ ಆವರಣದಲ್ಲಿ, ಕಾಣೆಯಾದ ತಮ್ಮವರನ್ನು ತಾವೇ ಹುಡುಕಿಕೊಂಡು ಅಲೆಯುವ ಕುಟುಂಬಗಳ ಗುಂಪಿಗೆ ಸುಟ್ಟ ಮೂಳೆ ಚೂರುಗಳು ಸಿಕ್ಕವು. ಜೊತೆಗೆ ರಾಶಿ ರಾಶಿ ಶೂ, ಬಟ್ಟೆ, ಬ್ಯಾಗು. ಕೆಲಸ ಕೊಡುತ್ತೇವೆ ಅಂತ ಆಸೆ ತೋರಿಸಿ ಹುಡುಗರನ್ನು ಕರೆಸಿ ಕಾರ್ಟೆಲ್‌ಗೆ ಸೇರಿಸಿಕೊಳ್ಳುವ ಜಾಗ ಅದು ಅನ್ನುವ ವಿವರ ಹೊರಬಂತು. ಮೆಕ್ಸಿಕೊದಲ್ಲಿ ಕಾಣೆಯಾದವರ ಸರ್ಕಾರಿ ಲೆಕ್ಕವೇ 1.2 ಲಕ್ಷ ದಾಟಿದೆ. ಆ ಶೂಗಳ ಫೋಟೊ ನೋಡಿ ಇಡೀ ದೇಶ ತತ್ತರಿಸಿತು.

ಇದಾದ ಮೂರೇ ವಾರಕ್ಕೆ, ಮಾರ್ಚ್ 29ರಂದು, ಅದೇ ರಾಜ್ಯದ ಸಪೋಪಾನ್‌ನಲ್ಲಿ, ವಿಶ್ವವಿದ್ಯಾಲಯಕ್ಕೆ ಸೇರಿದ ಟೆಲ್ಮೆಕ್ಸ್ ಸಭಾಂಗಣದಲ್ಲಿ ‘ಲೊಸ್ ಅಲೆಗ್ರೆಸ್ ದೆಲ್ ಬರ‍್ರಾಂಕೊ’ ಬ್ಯಾಂಡ್ ಹಾಡುತ್ತಿದ್ದಾಗ ಹಿಂದಿನ ದೊಡ್ಡ ಪರದೆಯಲ್ಲಿ ಹಲಿಸ್ಕೊ ಕಾರ್ಟೆಲ್‌ನ ಆಗಿನ ಮುಖ್ಯಸ್ಥ ‘ಎಲ್ ಮೆಂಚೊ’ ಚಿತ್ರ ಮೂಡಿತು. ಸಭಿಕರು ಕೂಗಿ ಚಪ್ಪಾಳೆ ಹೊಡೆದರು. ಇನ್ಯಾವುದೋ ವರ್ಷ ಆಗಿದ್ದರೆ ಅದು ಒಂದು ದಿನದ ಸುದ್ದಿ. ಶೂಗಳ ಫೋಟೊ ಕಣ್ಣಿನಿಂದ ಮಾಸುವ ಮುಂಚೆ ನಡೆದದ್ದರಿಂದ ಹೊಟ್ಟೆಗೆ ಬೆಂಕಿ ಬಿತ್ತು. ರಾಜ್ಯದ ಪ್ರಾಸಿಕ್ಯೂಟರ್‌ಗಳು ಅಪರಾಧದ ವೈಭವೀಕರಣ ಅಂತ ತನಿಖೆ ಶುರು ಮಾಡಿದರು. ಏಪ್ರಿಲ್ ಮೊದಲಲ್ಲೇ ಅಮೆರಿಕ ಬ್ಯಾಂಡಿನವರ ವೀಸಾ ರದ್ದು ಮಾಡಿತು.

ಹೆದರಿಕೆ ಬೇಗ ಹಬ್ಬಿತು. ಏಪ್ರಿಲ್ 11ರಂದು ತೆಸ್ಕೊಕೊ ಊರಿನ ಕುದುರೆ ಜಾತ್ರೆಯ ಪಾಲೆಂಕೆಯಲ್ಲಿ, ಅಂದರೆ ಕೋಳಿ ಅಂಕ ನಡೆಯುವ ದುಂಡು ಅಖಾಡದಲ್ಲಿ, ಲೂಯಿಸ್ ಆರ್. ಕೊನ್ರಿಕೆಸ್ ‘ಇವತ್ತು ನಾರ್ಕೊ ಹಾಡು ಇಲ್ಲ’ ಅಂದರು. ನಾರ್ಕೊ ಹಾಡು ಅಂದರೆ ಡ್ರಗ್ಸ್ ದಂಧೆಯ ಹಾಡು. ಈ ಬಗೆಯ ಹಾಡುಗಳಿಂದಲೇ ಹೆಸರು ಮಾಡಿದವರು ಅವರು. ದುಬಾರಿ ಟಿಕೆಟ್ ಕೊಂಡು ಬಂದ ಜನ ಬಿಯರ್ ಲೋಟ ಎಸೆದರು, ಕುರ್ಚಿ ಎಸೆದರು, ಬ್ಯಾಂಡಿನವರು ಓಡಿದ ಮೇಲೆ ವಾದ್ಯ ಒಡೆದರು. ಗಾಯಕರ ಸಂಕಟ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ: ಹಾಡಿದರೆ ಸರ್ಕಾರ, ಹಾಡದಿದ್ದರೆ ಟಿಕೆಟ್ ಕೊಂಡವರು. ಪಾರ್ಟಿಗೆ ಕರೆಸುವ ಮೂರನೆಯವರ, ಅಂದರೆ ಕಾರ್ಟೆಲ್‌ನವರ, ಬಗ್ಗೆಯಂತೂ ಯಾರೂ ಮೈಕಿನಲ್ಲಿ ಮಾತಾಡಲ್ಲ.

ಯಾರ ವಾದ ಏನು

ನಿಷೇಧ ಬೇಕು ಅನ್ನುವವರ ಮಾತನ್ನು ‘ಸಂಪ್ರದಾಯಸ್ಥರ ಗೊಣಗು’ ಅಂತ ತಳ್ಳಿಹಾಕೋಕೆ ಆಗಲ್ಲ. ಕಾಣೆಯಾದ ಮಗನನ್ನು ಹುಡುಕುತ್ತಿರುವ ತಾಯಿಗೆ, ಅವನನ್ನು ಎತ್ತಿಕೊಂಡು ಹೋದವರ ನಾಯಕನ ಮುಖ ಸಾವಿರಾರು ಜನರ ಮುಂದೆ ದೇವರ ಪಟದಂತೆ ಬೆಳಗುವುದನ್ನು ನೋಡಿ ಅಂತ ಹೇಳುವುದು ಕ್ರೌರ್ಯ. ಹದಿನಾರು ವರ್ಷದ ಹುಡುಗನಿಗೆ ಓದಿದರೂ ಕೆಲಸವಿಲ್ಲ, ಹಾಡಿನಲ್ಲಿ ಮಾತ್ರ ಚಿನ್ನದ ಸರ ಹಾಕಿದವನಿಗೆ ಊರೇ ಸಲಾಮು ಹೊಡೆಯುತ್ತದೆ. ಹಾಡು ಒಬ್ಬನನ್ನು ಕಾರ್ಟೆಲ್‌ಗೆ ಸೇರಿಸಲ್ಲ, ಆದರೆ ಸೇರಲು ಕರೆದಾಗ ‘ಬೇಡ’ ಅನ್ನುವುದನ್ನು ಕಷ್ಟ ಮಾಡುತ್ತದೆ ಅನ್ನುವುದು ಇವರ ವಾದ. ಹೆಣ್ಣುಮಕ್ಕಳನ್ನು ಬಹುಮಾನದ ವಸ್ತುವಿನಂತೆ ಹಾಡುವ ಸಾಲುಗಳ ಮೇಲೆ ಚಿಹುವಾವಾ ನಗರ 2023ರಲ್ಲೇ ಭಾರಿ ದಂಡದ ನಿಯಮ ತಂದಿತ್ತು.

ವಿರೋಧಿಸುವವರು ಸಂವಿಧಾನದ 6 ಮತ್ತು 7ನೇ ವಿಧಿ ತೋರಿಸುತ್ತಾರೆ. ಅವು ಅಭಿವ್ಯಕ್ತಿ ಸ್ವಾತಂತ್ರ್ಯದ ವಿಧಿಗಳು. ಕೊಲೆ ಮಾಡಿದವರ ಮೇಲೆ ಮೊಕದ್ದಮೆಯೇ ನಡೆಯದ ದೇಶದಲ್ಲಿ ಹಾಡಿದವರ ಮೇಲೆ ಮಾತ್ರ ಮೊಕದ್ದಮೆ ಯಾಕೆ ಅನ್ನುತ್ತಾರೆ. ಇನ್ನೊಂದು ಮಾತೂ ಇದೆ, ಅಷ್ಟು ಜೋರಾಗಿ ಹೇಳಲ್ಲ: ಡ್ರಗ್ಸ್ ದೊರೆಗಳ ಮೇಲೆ ತೆಗೆದ ದುಬಾರಿ ಟೀವಿ ಧಾರಾವಾಹಿಗಳನ್ನು ಯಾರೂ ನಿಲ್ಲಿಸಲ್ಲ, ಬಡವರ, ಉತ್ತರದವರ, ಹಳ್ಳಿಯವರ ಹಾಡು ಮಾತ್ರ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಹುರುಳಿದೆ ಅಂತ ನನ್ನ ಅನಿಸಿಕೆ. ಆದರೆ ‘ಹಾಡು ಬರೀ ಕನ್ನಡಿ’ ಅನ್ನುವ ಅವರ ಇನ್ನೊಂದು ಮಾತು ನನಗೆ ಒಪ್ಪಿಗೆಯಿಲ್ಲ. ಕನ್ನಡಿಗೆ ಯಾರೂ ಅಡ್ವಾನ್ಸ್ ಕೊಡಲ್ಲ.

ಅಧ್ಯಕ್ಷೆ ಕ್ಲಾವ್ದಿಯಾ ಶೇನ್‌ಬಾಮ್ ನಡುದಾರಿ ಹಿಡಿದರು. ದೇಶದ ಮಟ್ಟದಲ್ಲಿ ನಿಷೇಧ ಬೇಡ, ಜನರೇ ಬೇರೆ ಹಾಡು ಕೇಳುವ ಹಾಗೆ ಮಾಡೋಣ ಅಂದರು. ಹಿಂಸೆಯನ್ನು ಹೊಗಳದ ಹೊಸ ಹಾಡುಗಳಿಗಾಗಿ ‘ಮೆಹಿಕೊ ಕಾಂತಾ’ ಎಂಬ ಸ್ಪರ್ಧೆ ಶುರುವಾಯಿತು, ಅಮೆರಿಕದಲ್ಲಿರುವ ಮೆಕ್ಸಿಕನ್ ಯುವಜನರಿಗೂ ಅವಕಾಶ ಇತ್ತು. ಇತ್ತ ರಾಜ್ಯಗಳು, ನಗರಗಳು ತಮ್ಮ ಪಾಡಿಗೆ ನಿಯಮ ಮಾಡುತ್ತಲೇ ಹೋದವು. 32ರಲ್ಲಿ ಹತ್ತರಷ್ಟು ರಾಜ್ಯಗಳಲ್ಲಿ ಒಂದಲ್ಲ ಒಂದು ಬಗೆಯ ನಿರ್ಬಂಧ ಇದೆ. ಒಂದು ಊರಲ್ಲಿ ಹಾಡಬಹುದಾದ ಹಾಡಿಗೆ ಪಕ್ಕದ ಊರಲ್ಲಿ ದಂಡ.

ನಿಷೇಧ ಹೊಸದೇನಲ್ಲ

2011ರಲ್ಲಿ ಸಿನಲೋವಾ ಗವರ್ನರ್ ಬಾರ್, ಕ್ಲಬ್ಬುಗಳಲ್ಲಿ ನಾರ್ಕೊ ಕೊರಿದೊ ಹಾಡಿಸಿದರೆ ಮದ್ಯದ ಲೈಸೆನ್ಸ್ ರದ್ದು ಅಂತ ಆದೇಶ ಹೊರಡಿಸಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2012ರಲ್ಲಿ ಚಿಹುವಾವಾ ನಗರ ಲೊಸ್ ತಿಗ್ರೆಸ್‌ಗೇ ಕಛೇರಿ ಕೊಡದಂತೆ ಮಾಡಿತು. ಅದರಿಂದ ಹಾಡು ಕಮ್ಮಿ ಆಯಿತಾ ಅಂದರೆ, ಆ ಹೊತ್ತಿಗೆ ಯೂಟ್ಯೂಬ್ ಬಂದಾಗಿತ್ತು. ರೇಡಿಯೊ ಕಾಲದ ನಿಷೇಧಕ್ಕೆ ಸ್ವಲ್ಪ ಬಲ ಇತ್ತು, ಬಾಗಿಲು ಒಂದೇ ಇತ್ತಲ್ಲ. ಈಗ ಬಾಗಿಲು ಪ್ರತಿಯೊಬ್ಬರ ಜೇಬಿನಲ್ಲಿದೆ.

ಇನ್ನೊಂದು ಪರಿಣಾಮ ಯಾರೂ ಅಂದುಕೊಂಡಿರಲಿಲ್ಲ. ಹೆಸರು ಹೇಳುವಂತಿಲ್ಲ ಅಂದಾಗ ಕವಿಗಳು ಇನಿಶಿಯಲ್ ಬಳಸಲು ಶುರು ಮಾಡಿದರು, ಅಡ್ಡಹೆಸರು ಬಳಸಿದರು. ‘ಜೆಜಿಎಲ್’ ಅಂತ ಒಂದು ಜನಪ್ರಿಯ ಹಾಡಿದೆ. ಹೊವಾಕಿನ್ ಗುಸ್ಮಾನ್ ಲೊಯೆರಾ, ಅಂದರೆ ಸಿನಲೋವಾ ಕಾರ್ಟೆಲ್‌ನ ಎಲ್ ಚಾಪೊ, ಅಂತ ಬಿಡಿಸಿ ಓದಲು ಅಲ್ಲಿಯ ಶಾಲಾ ಮಕ್ಕಳಿಗೂ ಕಷ್ಟವಿಲ್ಲ. ಗುಟ್ಟು ಗೊತ್ತಿರುವವರ ಗುಂಪಿನಲ್ಲಿ ನಾನೂ ಇದ್ದೇನೆ ಅನ್ನುವ ಖುಷಿ ಸೇರಿ ಹಾಡಿನ ರುಚಿ ಜಾಸ್ತಿಯೇ ಆಯಿತು.

ವೀಸಾದ ಪೆಟ್ಟು ಯಾಕೆ ಜೋರು

ಮೆಕ್ಸಿಕೊದ ದಂಡಕ್ಕಿಂತ ಅಮೆರಿಕದ ವೀಸಾಕ್ಕೆ ಗಾಯಕರು ಹೆದರುತ್ತಾರೆ. ಕಾರಣ ಸರಳ, ದುಡ್ಡು ಅಲ್ಲಿದೆ. ಕೋಟಿಗಟ್ಟಲೆ ಮೆಕ್ಸಿಕನ್ ಮೂಲದ ಜನ ಅಮೆರಿಕದಲ್ಲಿದ್ದಾರೆ, ಟಿಕೆಟ್ ಡಾಲರಿನಲ್ಲಿ ಮಾರಾಟವಾಗುತ್ತದೆ. ಫೆಬ್ರವರಿ 2025ರಲ್ಲಿ ಅಮೆರಿಕ ಸರ್ಕಾರ ಸಿನಲೋವಾ, ಹಲಿಸ್ಕೊ ಸೇರಿ ಮೆಕ್ಸಿಕೊದ ಆರು ಕಾರ್ಟೆಲ್‌ಗಳನ್ನು ವಿದೇಶಿ ಭಯೋತ್ಪಾದಕ ಸಂಘಟನೆ ಅಂತ ಘೋಷಿಸಿತು. ಆ ಮೊಹರು ಬಿದ್ದ ಮೇಲೆ, ಕಾರ್ಟೆಲ್ ನಾಯಕನನ್ನು ಹೊಗಳಿ ಹಾಡುವುದು ವೀಸಾ ಅಧಿಕಾರಿಯ ಮೇಜಿನ ಮೇಲೆ ಬೇರೆಯೇ ಅರ್ಥ ಪಡೆಯುತ್ತದೆ.

ಮೇ ತಿಂಗಳಲ್ಲಿ ಹುಲಿಯೊನ್ ಆಲ್ವಾರೆಸ್ ಅವರ ವೀಸಾ ರದ್ದಾಗಿ ಟೆಕ್ಸಸ್‌ನ ದೊಡ್ಡ ಸ್ಟೇಡಿಯಂ ಕಛೇರಿ ನಿಂತುಹೋಯಿತು. ಇಲ್ಲಿ ವಾದ ಇಲ್ಲ, ಕೋರ್ಟ್ ಇಲ್ಲ, ಕಾರಣವನ್ನು ಬಹಿರಂಗವಾಗಿ ಹೇಳುವ ಕಟ್ಟುಪಾಡೂ ಇಲ್ಲ. ಹಾಗಾಗಿಯೇ ಇದು ಕೆಲಸ ಮಾಡುತ್ತದೆ, ಹಾಗಾಗಿಯೇ ಅಪಾಯಕಾರಿ ಕೂಡ. ಯಾವ ಸಾಲು ಗೆರೆ ದಾಟಿತು ಅಂತ ಗೊತ್ತಾಗದಿದ್ದರೆ ಗಾಯಕರು ಗೆರೆಯಿಂದ ಮಾರು ದೂರ ನಿಲ್ಲುತ್ತಾರೆ. ವಲಸಿಗರ ಮೇಲಿನ ಹಾಡು, ಸರ್ಕಾರವನ್ನು ಬೈಯುವ ಹಾಡು, ಗಡಿ ಪೊಲೀಸರನ್ನು ಗೇಲಿ ಮಾಡುವ ಹಾಡು, ಇವೂ ಕಾರ್ಯಕ್ರಮದ ಪಟ್ಟಿಯಿಂದ ಮೆಲ್ಲಗೆ ಜಾರಿಹೋಗಬಹುದು. ಕನಾನೆಯಾ ಜೈಲಿನ ಹಾಡನ್ನು ಇವತ್ತು ಹೊಸದಾಗಿ ಬರೆದು ವೀಸಾಕ್ಕೆ ಅರ್ಜಿ ಹಾಕುವವರು ಎರಡು ಸಲ ಯೋಚನೆ ಮಾಡುತ್ತಾರೆ.

ದುಡ್ಡಿನ ಜಾಡು ಹಿಡಿದರೆ

ಸಾಲುಗಳನ್ನು ಮುಟ್ಟದೆ ನಡೆದ ಒಂದು ಮೊಕದ್ದಮೆ ಇದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2018ರಲ್ಲಿ ಅಮೆರಿಕದ ಖಜಾನೆ ಇಲಾಖೆ ಮೆಕ್ಸಿಕೊದ ಒಬ್ಬ ಕಛೇರಿ ಆಯೋಜಕನನ್ನು ಹಲಿಸ್ಕೊ ಕಾರ್ಟೆಲ್‌ಗೆ ಕಪ್ಪು ಹಣ ಬಿಳಿ ಮಾಡಿಕೊಡುತ್ತಾನೆ ಅಂತ ಕಪ್ಪುಪಟ್ಟಿಗೆ ಹಾಕಿತು. ಅವನ ಜೊತೆ ವ್ಯವಹಾರ ಮಾಡುವಂತಿಲ್ಲ. ಲಾಸ್ ಏಂಜಲೀಸ್‌ನ ಡೆಲ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಆಮೇಲೂ ಅವನು ಏರ್ಪಡಿಸಿದ ಕಛೇರಿಗಳಿಗೆ ತನ್ನ ಗಾಯಕನನ್ನು ಕಳಿಸಿತು. ಕಂಪನಿಯ ಮುಖ್ಯಸ್ಥ ಆಂಹೆಲ್ ದೆಲ್ ವಿಯ್ಯಾರ್ 2025ರ ಮಾರ್ಚ್‌ನಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು, ಆಗಸ್ಟ್‌ನಲ್ಲಿ ನಾಲ್ಕು ವರ್ಷ ಜೈಲು. ಅಲ್ಲಿ ಕೋರ್ಟ್ ಯಾವ ಹಾಡಿನ ನೀತಿಯನ್ನೂ ವಿಚಾರಣೆ ಮಾಡಲಿಲ್ಲ. ಯಾರು ಯಾರಿಗೆ ದುಡ್ಡು ಕೊಟ್ಟರು, ಕೊಡಬಾರದು ಅಂತ ಗೊತ್ತಿದ್ದೂ ಕೊಟ್ಟರಾ ಅನ್ನುವುದಷ್ಟೇ ಪ್ರಶ್ನೆ.

ಮೆಕ್ಸಿಕೊ ಒಳಗೆ ಈ ದಾರಿ ಕಷ್ಟ. ಖಾಸಗಿ ಪಾರ್ಟಿಗೆ ಕರೆಸಿ ನಗದು ಕೊಡುತ್ತಾರೆ, ರಸೀದಿ ಇರಲ್ಲ. ಕರೆ ಬಂದಾಗ ಇಲ್ಲ ಅನ್ನುವ ಧೈರ್ಯ ಸಣ್ಣ ಬ್ಯಾಂಡುಗಳಿಗೆ ಎಲ್ಲಿಂದ ಬರಬೇಕು? 2025ರ ಮೇ ಕೊನೆಯಲ್ಲಿ ರೆಯ್ನೊಸಾದಲ್ಲಿ ‘ಗ್ರುಪೊ ಫುಹಿತಿವೊ’ ಎಂಬ ಬ್ಯಾಂಡಿನ ಐವರು ಒಂದು ಖಾಸಗಿ ಕಾರ್ಯಕ್ರಮಕ್ಕೆ ಅಂತ ಹೋದವರು ಹೆಣವಾಗಿ ಸಿಕ್ಕರು. ಅವರು ಗ್ರ್ಯಾಮಿ ಪಟ್ಟಿಯವರಲ್ಲ, ಸ್ಟೇಡಿಯಂ ತುಂಬಿಸುವವರೂ ಅಲ್ಲ. ಮದುವೆ, ಹುಟ್ಟುಹಬ್ಬಕ್ಕೆ ನುಡಿಸಿ ಹೊಟ್ಟೆ ಹೊರೆಯುವ ಇಂಥವರೇ ಈ ಕಸುಬಿನಲ್ಲಿ ಜಾಸ್ತಿ, ಮತ್ತು ಈಗಿನ ಯಾವ ನಿಯಮವೂ ಇವರನ್ನು ಕಾಪಾಡಲು ಬರೆದದ್ದಲ್ಲ.

ಮುಂದೆ ಏನಾಗಬಹುದು? ದೊಡ್ಡ ಹೆಸರಿನವರು ಅಮೆರಿಕದ ಪ್ರವಾಸ ಉಳಿಸಿಕೊಳ್ಳಲು ವೇದಿಕೆಯಲ್ಲಿ ಪ್ರೇಮಗೀತೆ, ರಾಂಚೆರಾ ಕಡೆ ವಾಲುತ್ತಾರೆ. ಮುಂದಿನ ಗ್ರ್ಯಾಮಿಗಳಲ್ಲಿ ನುಣುಪಾದ ಆಲ್ಬಮ್‌ಗಳು ಜಾಸ್ತಿ ಕಂಡರೆ ಅಚ್ಚರಿ ಬೇಡ. ಹೇಳಿ ಬರೆಸಿದ ಹಾಡುಗಳು ಫೋನಿನಿಂದ ಫೋನಿಗೆ ಹರಿಯುತ್ತಲೇ ಇರುತ್ತವೆ. ಸರ್ಕಾರದ ಸ್ಪರ್ಧೆಯ ಫೈನಲ್ 2025ರ ಅಕ್ಟೋಬರ್‌ನಲ್ಲಿ ದುರಾಂಗೊ ನಗರದಲ್ಲಿ ನಡೆಯಿತು. ಅಲ್ಲಿ ಗೆದ್ದವರಿಗೆ ರೆಕಾರ್ಡಿಂಗ್ ಅವಕಾಶ ಸಿಗುತ್ತದೆ, ಒಳ್ಳೆಯದೇ. ಆದರೆ ಅದು ವರ್ಷಕ್ಕೊಂದು ಕಾರ್ಯಕ್ರಮ. ಶನಿವಾರ ರಾತ್ರಿ ತೋಟದ ಮನೆಗೆ ಕರೆಸಿ ಹೊಸ ಹಾಡಿಗೆ ನಗದು ಎಣಿಸುವ ಗಿರಾಕಿಗೆ ಆ ಸ್ಪರ್ಧೆಯಿಂದ ಯಾವ ಅಡ್ಡಿಯೂ ಆಗಿಲ್ಲ.